ಞ ಉದುರಿದ ಮೇಲೆ

ನಮ್ಮ ವರ್ಣಮಾಲೆಯಲ್ಲಿ ಞ ಒಂದಿದೆಯಲ್ಲ,
ಅಕ್ಷರ ತಿದ್ದುವಾಗ ಬಿಟ್ಟರೆ ಯಾರಿಗೂ ನೆನಪಾಗದೆ
ಜ-ದ ಕಾಲಡಿ ಮುದುಡಿ ಕೂತು
ಜ್ಞಾನಕ್ಕೆ, ಯಜ್ಞಕ್ಕೆ ಹೆಗಲು ಕೊಡುವುದು,
ಮೆಕ್ಸಿಕೋದ ಸಕತೇಕಸ್ಸಿನಲ್ಲಿ ಅದಕ್ಕೆ ದಿನಗೂಲಿ.
ಎನ್ನಿನ ತಲೆಯ ಮೇಲೊಂದು ಡೊಂಕು ಹುಬ್ಬು:
ಅದಿಲ್ಲದೆ ಮಗುವಿಲ್ಲ, ನಾಳೆಯಿಲ್ಲ, ಕನಸಿಲ್ಲ,
ಬೆಟ್ಟವಿಲ್ಲ, ಅಕ್ಕರೆಯಿಲ್ಲ.
ವರ್ಷವಂತೂ, ಹುಬ್ಬು ಬಿಟ್ಟು ಬರೆದರೆ,
ಕೂರುವ ಜಾಗದ ಹೆಸರಾಗಿಬಿಡುತ್ತದೆ.

ಎರ್ಲಿಂದಾ ವಿದೌರ್ರಿ ಶಾಲಾ ತನಿಖಾಧಿಕಾರಿ,
ಗಣಿಯ ಬೆಳ್ಳಿಯದಿರು ತೂಗುವವನ ಮಗಳು.
ಮೊದಲ ಕಾದಂಬರಿಗೆ ಪಾದ್ರಿ ಬೈದ,
ಎರಡನೆಯದಕ್ಕೆ ಅಣ್ಣ.
ಮೂರನೆಯದು ಅರ್ಧಕ್ಕೆ ಬಂದಿತ್ತು,
ಪಾದರಸ ಬೆರೆಸಿದ ಕೆಸರನ್ನು ತುಳಿದು ತುಳಿದು
ಗೊರಸು ಕಳಚಿದ ಹೇಸರಗತ್ತೆಗಳ ಕಥೆ,
ಅವನ್ನು ಅಟ್ಟುತ್ತ ಹಲ್ಲುದುರಿದ ಹುಡುಗರ ಕಥೆ.
ಆಗ ಟೈಪ್‌ರೈಟರಿನ ಬೆಸುಗೆ ಬಿಟ್ಟು
ಆ ಒಂದು ಮೊಳೆ ಠಣ್ಣೆಂದು ಬಿತ್ತು
ಹಲಗೆಯ ಸಂದಿಗೋ, ಇಲಿಯ ಬಿಲಕ್ಕೋ.

ಕ್ರೆಸೆನ್ಸಿಯೊ ಒಲಾಗೆಗೆ ಆಗ ಇಪ್ಪತ್ತಾರು.
ಗುಲಾಬಿ ಕಲ್ಲಿನ ಕಡಿದಾದ ಓಣಿಯಲ್ಲಿ
ಬಾಗಿಲಗಲದ ಅಂಗಡಿ;
ಹೊಲಿಗೆ ಯಂತ್ರ, ಟೈಪ್ ಯಂತ್ರ,
ಒಮ್ಮೊಮ್ಮೆ ಕಟ್ಟಿಸಿಕೊಂಡ ಹಲ್ಲು.
'ರಾಜಧಾನಿಯಿಂದ ಬರಬೇಕು ಮೇಡಂ, ಇಂದೋ ನಾಳೆಯೋ.'
'ಬರಲಿ. ಅಲ್ಲಿಯವರೆಗೆ ನಾಳೆಯಿಲ್ಲದೆ ಬರೆಯುತ್ತೇನೆ.'

ನೀವು ಕೇಳುತ್ತೀರಿ: ಪೆನ್ನಿನಲ್ಲಿ ಹುಬ್ಬು ಎಳೆಯಬಹುದಿತ್ತಲ್ಲ?
ಎಳೆದಳು, ಹತ್ತು ಹಾಳೆ.
ಹನ್ನೊಂದನೆಯದರಲ್ಲಿ ಕೈ ಏಕೋ ನಿಂತಿತು.

ಅಲ್ಲಿಂದಾಚೆ ಆ ಪುಸ್ತಕದಲ್ಲಿ
ಗತ್ತೆ ಅಟ್ಟುವ ತಿಬುರ್ಸಿಯೊ ಹನ್ನೊಂದು ಮಳೆ ಕಂಡವನು,
ಅವನ ಅವ್ವ ಮೂವತ್ತು ಮಳೆ, ಎರಡು ಬರ.
ಕನಸೆಂದರೆ 'ರಾತ್ರಿ ಬಂದು ಹೋದದ್ದು'.
ನಾಳೆಯೆಂದರೆ 'ಕೋಳಿ ಒಪ್ಪಿದರೆ'.
ಮಗುವಿನ ಬದಲಿಗೆ ಏನೂ ಇಲ್ಲ,
ಒಂದು ಖಾಲಿ ಜಾಗ; ಅದರ ಸುತ್ತ ಹೆಂಗಸರು
ಹೆಜ್ಜೆ ಸದ್ದು ಮಾಡದೆ ನಡೆಯುತ್ತಾರೆ.

ಮೊಳೆ ಮೂರನೇ ತಿಂಗಳಿಗೇ ಬಂತು.
ಹುರಿಗಡಲೆಯಷ್ಟು ಉಕ್ಕು, ಎಣ್ಣೆಕಾಗದದಲ್ಲಿ.
ರಿಬ್ಬನ್ ಬದಲಿಸಲು ಬಂದ ಯಂತ್ರದಲ್ಲಿ
ಸಿಕ್ಕಿಕೊಂಡೇ ಇದ್ದ ಹಾಳೆಯನ್ನು
ಕ್ರೆಸೆನ್ಸಿಯೊ ಓದಿದ. ಮತ್ತೊಮ್ಮೆ ಓದಿದ.
ಮೊಳೆಯನ್ನು ಡ್ರಾಯರಿಗೆ ಹಾಕಿದ,
ಡ್ರಾಯರಿಗೆ ಬೀಗ.
'ಇನ್ನೂ ಇಲ್ಲ ಮೇಡಂ. ರೈಲಿನವರ ಮುಷ್ಕರ.'
ಆಮೇಲೆ ಸೇತುವೆ ಕುಸಿಯಿತು,
ಆಮೇಲೆ ಗುಮಾಸ್ತ ಮದುವೆಯಾಗಿ ಓಡಿಹೋದ.
ಹದಿನಾಲ್ಕು ತಿಂಗಳು, ಸಲಕ್ಕೊಂದು ಹೊಸ ಸುಳ್ಳು,
ಅವನೂ ಕಾದಂಬರಿಕಾರನೇ ಆದ.

ಪುಸ್ತಕ ಬಂತು. ಹೆಸರು ಬಂತು.
ಪ್ರಾಧ್ಯಾಪಕರು ಬರೆದರು:
ಇಲ್ಲದ ಮಗುವೆಂದರೆ ದೇಶ ಕಳೆದುಕೊಂಡ ಬಾಲ್ಯ,
ಇಲ್ಲದ ನಾಳೆಯೆಂದರೆ ಕ್ರಾಂತಿ.
ಒಬ್ಬಾತ, ಮದುವೆಯೇ ಆಗದ ಅವಳಿಗೆ,
ಸತ್ತ ಕೂಸೊಂದನ್ನು ಹುಟ್ಟಿಸಿಯೇ ಬಿಟ್ಟ.
ಅವಳು ಯಾರನ್ನೂ ತಿದ್ದಲಿಲ್ಲ;
ಶಾಲಾ ತನಿಖೆಯವಳಿಗೆ ಅದೇನು ಸಣ್ಣ ಸಂಯಮವೇ?

ಮೊಳೆ ಕೂತ ಮೇಲೆ ಇನ್ನೂ ನಾಲ್ಕು ಬರೆದಳು,
ಮಕ್ಕಳು, ವರ್ಷಗಳು, ಬೆಟ್ಟಗಳು ತುಂಬಿದವು.
'ಚೆನ್ನಾಗಿವೆ' ಅನ್ನುತ್ತಾನೆ ಕ್ರೆಸೆನ್ಸಿಯೊ,
ಬೀಗರ ಮನೆಯ ಊಟ ಚೆನ್ನಾಗಿತ್ತು ಅನ್ನುವಂತೆ.

ಕೊನೆಯ ಚಳಿಗಾಲ, ಹಾಸಿಗೆಯ ಪಕ್ಕ ನಿಂತು
ಅವನು ಕೇಳಿಯೇ ಕೇಳಿದ:
ಯಾಕೆ ಮೇಡಂ ಪೆನ್ನು ಎತ್ತಲಿಲ್ಲ?
ಅವಳು ಕಣ್ಣು ತೆರೆಯದೆ ಹೇಳಿದಳು:
'ನಿನ್ನ ಡ್ರಾಯರಿನ ಬೀಗ ಬಹಳ ಕಿರುಗುಟ್ಟುತ್ತಿತ್ತು.
ಎಣ್ಣೆ ಹಾಕಬೇಕಿತ್ತು.'

ಈಗ ಆ ಯಂತ್ರ ಗಾಜಿನ ಪೆಟ್ಟಿಗೆಯೊಳಗೆ.
ಸೋಮವಾರ ಸೋಮವಾರ ಮುದುಕ ಬಂದು ಒರೆಸುತ್ತಾನೆ.
ಆ ಒಂದು ಕೀಲಿಯಷ್ಟೇ ಮಿಕ್ಕವಕ್ಕಿಂತ ಕಡಿಮೆ ಸವೆದದ್ದು;
ಯಾರೂ ಗಮನಿಸಿಲ್ಲ.
ಮೊನ್ನೆ ಶಾಲೆಯ ಸಾಲಿನಿಂದ ತಪ್ಪಿಸಿಕೊಂಡ ಹುಡುಗಿ,
ಬೆಗೋಞಾ ಅಂತೆ ಹೆಸರು,
ಗಾಜಿಗೆ ಮೂಗೊತ್ತಿ ಕೇಳಿದಳು:
'ಹಾಗಾದರೆ ಆ ಪುಸ್ತಕದೊಳಗೆ ಹೋದರೆ ನಾನು ಯಾರು?'
ಬಟ್ಟೆ ಹಿಂಡುತ್ತ ಅವನು ಯೋಚಿಸಿದ.
'ಹೆಸರಿರುವುದಿಲ್ಲ. ಎಷ್ಟು ಮಳೆ ಕಂಡಿದ್ದೀ ಹೇಳು.'
ಅವಳು ಬೆರಳು ಮಡಚತೊಡಗಿದಳು.
ಏಳರ ಹತ್ತಿರ ಅನುಮಾನ ಬಂತು:
'ಬರೀ ಮೋಡ ಆಗಿ ಹೋದದ್ದು ಲೆಕ್ಕಕ್ಕುಂಟಾ?'