ಬೋರ್ಡಿನ ಮೇಲೆ

ಹದಡಿ ರಸ್ತೆಯ ನಮ್ಮ ಅಂಗಡಿಯ ಬೋರ್ಡಿನ ಮೇಲೆ
ಆಳೆತ್ತರ ಬರೆದಿದೆ: ವೈನ್ಸ್.
ಒಳಗೆ, ಕಬ್ಬಿಣದ ಜಾಲರಿಯ ಹಿಂದೆ ನಾನು, ಹಾಲೇಶ.
ನನ್ನ ಬೆನ್ನಿಗೆ ಬ್ರಾಂದಿ, ವಿಸ್ಕಿ, ರಮ್ಮು,
ತೊಂಬತ್ತರ ಪ್ಯಾಕೆಟ್ಟು, ಬೆವರುವ ಬಿಯರು.
ವೈನು?
ಮೇಲಿನ ಹಲಗೆಯ ತುದಿಗೆ ಮೂರೇ ಬಾಟಲಿ.
ಆಯುಧಪೂಜೆಗೊಮ್ಮೆ ಧೂಳು ಒರೆಸಿ
ಕತ್ತಿಗೆ ಕುಂಕುಮ ಹಚ್ಚಿ
ಮತ್ತೆ ಅಲ್ಲೇ ಇಟ್ಟವು.

ಇಲ್ಲಿ ಯಾರೂ ಆರಿಸುವುದಿಲ್ಲ.
ಬಾಯಿ ತೆರೆಯುವ ಮೊದಲೇ ಕೈ ನೋಡಿ ಕೊಡುತ್ತೇನೆ.
ಮುದ್ದೆಯಾದ ನೋಟಿಗೆ ಒಂದು,
ಎಣಿಸಿ ಮಡಿಸಿದ ನೋಟಿಗೆ ಇನ್ನೊಂದು.
ಮಂಡಿಪೇಟೆಯ ಹಮಾಲಿ ಬಸಣ್ಣ ಮಾತೇ ಆಡುವುದಿಲ್ಲ,
ಎರಡು ಬೆರಳು ಎತ್ತುತ್ತಾನೆ.

ಆ ಶನಿವಾರ ಸಂಜೆ ಏಳಕ್ಕೆ ಅವಳು ಬಂದಳು.
ಸಾಲು ತಾನಾಗಿ ಸರಿದು
ಸುತ್ತ ಒಂದು ಮೊಳ ಜಾಗ ಬಿಟ್ಟಿತು.
ಚೀಲದಿಂದ ಇಣುಕುತ್ತಿದ್ದ ಲ್ಯಾಬಿನ ಬಿಳಿ ಕೋಟು,
ಹಿಂದೆ ಇಬ್ಬರು ಹುಡುಗರು,
ಒಬ್ಬ ಸ್ಕೂಟರನ್ನು ಇನ್ನೂ ಆರಿಸಿಲ್ಲ.
‘ಅಣ್ಣಾ, ವೈನ್ ಐತೇನ್ರಿ?’
ಸಾಲು ಬಿದ್ದು ಬಿದ್ದು ನಕ್ಕಿತು.
ವೈನ್ ಶಾಪಿಗೆ ಬಂದು ವೈನು ಕೇಳ್ತಾಳಲ್ಲೋ!

ವಯಸ್ಸು ಕೇಳಿದೆ. ಫೋನಿನಲ್ಲಿ ಆಧಾರ್ ತೋರಿಸಿದಳು,
ಇಪ್ಪತ್ಮೂರು, ವಚನಾ ಬಣಕಾರ.
ಸ್ಟೂಲು ಹತ್ತಿ ಮೂರನ್ನೂ ಇಳಿಸಿದೆ.
ಒಂದರ ಮೇಲೆ ಕುದುರೆ, ಒಂದರ ಮೇಲೆ ಕೋಟೆ,
ಇನ್ನೊಂದರ ಮೇಲೆ ಬರೀ ವಕ್ರ ಅಕ್ಷರ.
‘ಇದು ನಮ್ಮ ದುರ್ಗ ಅಲ್ಲ ಬಿಡು’ ಅಂದ ತಿಪ್ಪೇಶ, ಕೋಟೆ ಬದಿಗಿಟ್ಟ.
ಬೆನ್ನ ಮೇಲಿನ ಚೀಟಿಯನ್ನು ಅವಳು
ಔಷಧಿಯದ್ದನ್ನು ಓದಿದ ಹಾಗೆ ಓದಿದಳು:
ಕಪ್ಪು ಹಣ್ಣು, ಓಕ್ ಮರ, ತುಸು ಹೊಗೆ.
‘ಓಕ್ ಅಂದ್ರೆ ಜಾಲಿ ಇದ್ದಂಗಾ?’
ಯಾರಿಗೂ ಗೊತ್ತಿಲ್ಲ.

‘ಅಣ್ಣಾ, ಸಿಹಿನಾ ಒಗರಾ?’
ನಾನು ಕುಡಿಯುವವನಲ್ಲ, ಅವ್ವನ ಆಣೆ.
‘ಇದೇ ಜಾಸ್ತಿ ಹೋಗ್ತತಿ’ ಅಂದೆ ಅಕ್ಷರದ್ದನ್ನು ತೋರಿಸಿ.
ಮೂರು ವರ್ಷದಲ್ಲಿ
ಅದು ಹೋದದ್ದು ಅದೇ ಮೊದಲು.
ಮೂವರೂ ಬೇರೆ ಬೇರೆ ಹಣ ಹಾಕಿದರು.
ಗೋಡೆಯ ಡಬ್ಬಿ ಮೂರು ಸಲ ಕೂಗಿತು,
ಇನ್ನೂರ ಅರವತ್ತು, ಇನ್ನೂರ ಅರವತ್ತು, ಇನ್ನೂರ ಅರವತ್ತು.

ಅರ್ಧ ಗಂಟೆಗೆ ವಾಪಸು ಬಂದರು, ಬಾಟಲಿ ಹಾಗೇ.
ಬಿರಡೆ ಬರುತ್ತಿಲ್ಲ.
ಚಾಕು ಮುರಿದಿದೆ, ಕೊಟ್ರೇಶನ ಹೆಬ್ಬೆರಳಿಗೆ ಬ್ಯಾಂಡೇಜು.
ಪಕ್ಕದ ಹಾರ್ಡ್‌ವೇರಿನ ರಿಯಾಜಣ್ಣ
ಎರಡಿಂಚಿನ ಸ್ಕ್ರೂ ತಂದ, ಇಕ್ಕಳ ತಂದ.
ಬಾಟಲಿ ಮುಟ್ಟದೆ, ನನ್ನ ಕೈಲಿ ಹಿಡಿಸಿ,
ಕಿಟಕಿಗೆ ಬೋಲ್ಟು ಬಿಗಿಯುವವನ ಗಂಭೀರದಲ್ಲಿ ತಿರುಗಿಸಿದ.
ಸಾಲಿಗೆ ಸಾಲೇ ಉಸಿರು ಹಿಡಿದಿತ್ತು.
ಟಪ್.
ಬಸಣ್ಣ ಚಪ್ಪಾಳೆ ತಟ್ಟಿದ,
ಎರಡು ಬೆರಳು ಎತ್ತುವುದನ್ನು ಮರೆತು.

ಮುಂದಿನ ವಾರ ಒಬ್ಬಳೇ ಬಂದಾಗ ಕೇಳಿದೆ, ಹೆಂಗಿತ್ತು?
ಯೋಚಿಸಿದಳು. ಹಿಂದಿನವರು ಗೊಣಗಿದರೂ ಯೋಚಿಸಿದಳು.
‘ನೇರಳೆಹಣ್ಣು ತಿಂದು
ಅದರ ಮೇಲೆ ಕರಿ ಚಹಾ ಕುಡಿದು
ನಾಲಿಗೆಗೆ ಕಂಬಳಿ ಹೊದಿಸಿದಂಗ್ರಿ.
ಮಿರ್ಚಿಗೆ ಆಗಂಗಿಲ್ಲ, ಮಂಡಕ್ಕಿಗೆ ಅಡ್ಡಿಯಿಲ್ಲ.’
ಏನು ವಿಶೇಷ ಇತ್ತು ಅವತ್ತು?
‘ಏನಿಲ್ಲ. ಸುಮ್ಮನೆ. ಹೆಂಗಿರ್ತತಿ ನೋಡಾಣ ಅಂತ.’

ಸುಮ್ಮನೆ.
ಈ ಜಾಲರಿಗೆ ಸೊಂಟ ನೋವು ಬಂದಿದೆ,
ಹೆಂಡತಿ ತವರಿಗೆ ಹೋದದ್ದು ಬಂದಿದೆ,
ಲಾರಿ ಕಂತು, ತಮ್ಮನ ತಿಥಿ,
ಗೆದ್ದ ಎಲೆಕ್ಷನ್ನು, ಸೋತ ಎಲೆಕ್ಷನ್ನು.
ಸುಮ್ಮನೆ ಬಂದದ್ದು ನನಗೆ ನೆನಪಿಲ್ಲ.

ಈಗ ಕಾಲೇಜಿನವರು ಬಂದು ಕೇಳಿದರೆ
ನಾನು ಧ್ವನಿ ತಗ್ಗಿಸಿ ಹೇಳುತ್ತೇನೆ:
ನೇರಳೆ, ಕರಿ ಚಹಾ, ಕೊನೆಗೆ ಕಂಬಳಿ.
ತಲೆದೂಗುತ್ತಾರೆ. ಅಣ್ಣನಿಗೆ ಗೊತ್ತು ಅನ್ನುತ್ತಾರೆ.
ಮಾಲೀಕರು ಒಂದು ಡಜನ್ ತರಿಸಿದ್ದಾರೆ.
ಕುದುರೆಯದ್ದು ಮಾತ್ರ ಇನ್ನೂ ಹೋಗಿಲ್ಲ.

ಅವತ್ತಿನ ಬಿರಡೆ ಚಿಲ್ಲರೆಯ ಡ್ರಾಯರಿನಲ್ಲಿದೆ,
ಸ್ಕ್ರೂ ಇನ್ನೂ ಅದರೊಳಗೇ.
ಬಾಗಿಲು ಎಳೆಯುವ ಮೊದಲು ಒಮ್ಮೊಮ್ಮೆ
ಕೆಂಪಾದ ತುದಿಯನ್ನು ಮೂಸುತ್ತೇನೆ.
ಈಗೀಗ ಅದಕ್ಕೆ ಹೆಚ್ಚೂಕಡಿಮೆ
ನಾಣ್ಯದ್ದೇ ವಾಸನೆ.