ಮಣಿಕಟ್ಟು

ಬೆರಳು ಕೊಡಬೇಡಿ, ಬೆರಳು ಜಾರುತ್ತದೆ.
ಮಣಿಕಟ್ಟು ಕೊಡಿ. ನಿಮ್ಮದು ನನ್ನ ಮುಷ್ಟಿಯಲ್ಲಿ, ನನ್ನದು ನಿಮ್ಮದರಲ್ಲಿ.
ಅಲೆ ಮೇಲೆತ್ತಿದಾಗ ಕಾಲಿಡಿ, ಯೋಚಿಸಬೇಡಿ.

ಭಾನುವಾರ ಮಧ್ಯಾಹ್ನ ಹದಿನಾರು ಮಂದಿಗೆ
ಇಷ್ಟೇ ನನ್ನ ಭಾಷಣ.
ಉಳಿದದ್ದೆಲ್ಲ ಗೈಡ್ ಮರಿಯೆಲಾಳ ಬಾಯಿಗೆ ಬಿಟ್ಟದ್ದು:
ಕಡಲತಳ ಕಾರಿಕೊಂಡ ಬೆಂಕಿ ಆರಿ ನೆಲವಾದ ಕತೆ,
ಇದು ಮುದುಕಿ ದ್ವೀಪ, ಅದಕ್ಕಿನ್ನೂ ಹಾಲುಹಲ್ಲು,
ಯಾವ ಪ್ರಾಣಿಗೂ ಎರಡು ಮೀಟರಿಗಿಂತ ಹತ್ತಿರ ಹೋಗಬಾರದು,
ಅದೇ ಹತ್ತಿರ ಬಂದರೆ ತಪ್ಪು ನಿಮ್ಮದಲ್ಲ.
ನಾನು ರಬ್ಬರು ದೋಣಿಯ ಹಿಂತುದಿಯಲ್ಲಿ ಕೂತು
ಮೋಟರಿನ ಕಿವಿ ಹಿಂಡುತ್ತಿರುತ್ತೇನೆ.

ಹನ್ನೊಂದು ವರ್ಷ. ಒಂದು ಮುಖವೂ ನೆನಪಿಲ್ಲ.
ಮಣಿಕಟ್ಟು ಮರೆತಿಲ್ಲ.
ಗಡಿಯಾರ ಬಿಚ್ಚಿಟ್ಟ ಜಾಗದ ಬೆಳ್ಳನೆಯ ಪಟ್ಟಿ;
ಆಸ್ಪತ್ರೆಯ ಪ್ಲಾಸ್ಟಿಕ್ ಬಳೆ, ಕತ್ತರಿಸಲು ಮರೆತದ್ದೋ ಮನಸ್ಸಾಗದ್ದೋ;
ಈ ವಾರ ಇಂಗೆಬೋರ್ಗ್ ಎಂಬ ಮುದುಕಿಯದು,
ದೋಣಿಗೆ ಎಳೆದು ಹಾಕಿದ ಮೀನಿನ ಹಾಗೆ ಅದುರುವಂಥದ್ದು.

ಕರಿ ಲಾವಾದ ಮೇಲೆ ಕಡಲ ಇಗ್ವಾನಗಳು
ಒಂದರ ಮೇಲೊಂದು ಬಿದ್ದು ಬಿಸಿಲು ಕಾಯಿಸುತ್ತವೆ,
ಮದುವೆಮನೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು.
ಸೀನುತ್ತವೆ, ಬರೀ ಉಪ್ಪು. ಲಕ್ಷದ ಕ್ಯಾಮರಾದ ಮೇಲೂ ಉಪ್ಪು.
ನೀಲಿ ಪಾದದ ಹಕ್ಕಿ ಒಂದು ಕಾಲೆತ್ತಿ ತೋರಿಸಿ, ಇಳಿಸಿ, ಇನ್ನೊಂದೆತ್ತಿ,
ಹೊಸ ಬೂಟು ಹಾಕಿದ ವರನಂತೆ ಸುಮ್ಮನೆ ನಿಲ್ಲಲಾರದು.
ಅವಳು ನೋಡುವುದಿಲ್ಲ. ಅವನು ಮತ್ತೆ ಮೊದಲ ಕಾಲಿನಿಂದ.

ಮಂಗಳವಾರ ರಾತ್ರಿ ಭೂಮಧ್ಯರೇಖೆ. ಹಡಗು ಕೂಗುತ್ತದೆ.
ಎಲ್ಲರೂ ಬಗ್ಗಿ ನೀರಿನಲ್ಲಿ ಗೆರೆ ಹುಡುಕುತ್ತಾರೆ.
ಇದೇ ಕರಿನೀರಿಗೆ ನನ್ನಪ್ಪ ಮುಳುಗುತ್ತಿದ್ದ,
ಬಾಯಲ್ಲಿ ಗಾಳಿಯ ಕೊಳವೆ, ಸೊಂಟಕ್ಕೆ ಸೀಸ,
ಕಡಲಸೌತೆ ಹೆಕ್ಕಿ ಚೀಲ ತುಂಬಿಸಲು.
ಕಾಯಿದೆ ಬಂತು, ಚೀಲ ಖಾಲಿಯಾಯಿತು, ಒಂದು ಕಿವಿ ಹೋಯಿತು.
ಈಗಲೂ ಅವನೊಡನೆ ಮಾತಾಡಬೇಕಾದರೆ
ಎಡಗಡೆ ಕೂರಬೇಕು.

ಪ್ರತಿ ಇಳಿತಕ್ಕೂ ಹದಿನಾರು ಜೊತೆ ಪಾದ ತೊಳೆಯುತ್ತೇನೆ.
ಒಂದು ದ್ವೀಪದ ಬೀಜ ಇನ್ನೊಂದಕ್ಕೆ ದಾಟಬಾರದು.
ನಮ್ಮಜ್ಜ ಬೆಟ್ಟದೂರಿನಿಂದ ಜೇಬಲ್ಲಿ ಸೀಬೆಬೀಜ ತಂದವನು.
ಆ ಗಿಡಗಳನ್ನು ಇವತ್ತಿಗೂ ಸರಕಾರ ಕೀಳುತ್ತಿದೆ.
ನಮ್ಮನ್ನಿನ್ನೂ ಕಿತ್ತಿಲ್ಲ.

ಭಾನುವಾರ ಬೆಳಗ್ಗೆ ಇಳಿದು ಹೋದರು. ಲಕೋಟೆಯಲ್ಲಿ ಡಾಲರು.
ಇಂಗೆಬೋರ್ಗ್ ಕಟ್ಟೆ ಹತ್ತಿದ ಮೇಲೂ ಮಣಿಕಟ್ಟು ಬಿಡಲಿಲ್ಲ.
ನಡುಕ ಹೋಗಿರಲಿಲ್ಲ. ಹೆದರಿಕೆ ಹೋಗಿತ್ತು.

ಗುರುವಾರ ಹೇಳಲಿಲ್ಲ ನಾನು.

ಗುರುವಾರ ಇಸಬೆಲಾದಲ್ಲಿ ಲಂಗರು. ನನ್ನೂರು. ನಲವತ್ತು ನಿಮಿಷ.
ಕಟ್ಟೆಯ ಮೇಲೆ ನಯೇಲಿ, ಒಂಬತ್ತು ವರ್ಷ, ಶಾಲೆಯ ಚೀಲ ಬೆನ್ನಿಗೇ ಇದೆ.
"ಇತ್ತಾ ಈ ಸಲ, ಹಾರಲಾರದ ನೀರುಕಾಗೆ?"
ಇತ್ತು. ನಮ್ಮ ದ್ವೀಪದ್ದೇ ಬೆನ್ನ ಮೇಲೆ ಇರುವುದು ಅದು.
ಅಲ್ಲಿಗೆ ರಸ್ತೆಯಿಲ್ಲ, ಹಡಗೊಂದೇ,
ಹಡಗಿನ ಒಂದು ಹಾಸಿಗೆಗೆ ನನ್ನ ಎಂಟು ತಿಂಗಳ ಸಂಬಳ.
ಜಗತ್ತಿನ ಆ ತುದಿಯವರು ನೋಡಿ ಹೋಗುತ್ತಾರೆ,
ಇವಳಿಗೆ ನಾನು ಮಾಡಿ ತೋರಿಸಬೇಕು:
ಮೊಳಕೈ ಮಡಚಿ, ಹರಿದ ಕೊಡೆಯಂಥ ರೆಕ್ಕೆ ಚಾಚಿ,
ಹಾರಲಿಕ್ಕಲ್ಲ ಮಗಾ, ಬರೀ ಒಣಗಿಸಲಿಕ್ಕೆ.
"ಹಾರದ್ದಕ್ಕೆ ಬೇಜಾರಿಲ್ಲವಾ ಅದಕ್ಕೆ?"
ಮುಳುಗುವಾಗ ನೋಡಬೇಕು ನೀನು.

ಪ್ರವಾಸಿಗರು ಐಸ್‌ಕ್ರೀಮಿನ ಸಾಲಿನಲ್ಲಿದ್ದರು.
ಖಾಲಿ ದೋಣಿ. ಕಟ್ಟೆಯಿಂದ ತೇಲುಬುರುಡೆಯ ತನಕ ಹೋಗಿ ಬರೋಣ, ಬಾ,
ಮಣಿಕಟ್ಟು ಕೊಡು.
ಕೊಡಲಿಲ್ಲ. ಮೊಳಕೈ ಮಡಚಿಕೊಂಡೇ ನಿಂತಳು,
ಗಾಳಿಗೆ ಎರಡೂ ಮೋಟುರೆಕ್ಕೆ ಒಡ್ಡಿ, ಗದ್ದವೆತ್ತಿ.
ಅಲೆ ಬಂತು.
ರೆಕ್ಕೆಯನ್ನೇ ಹಿಡಿದು ಇಳಿಸಿಕೊಂಡೆ.