ಉಗುರಿಗೆ ಹತ್ತಿದ ಕಪ್ಪು

ಅಹ್ಮದಿಯ ಈ ಶೆಡ್ಡಿನಲ್ಲಿ ಎ.ಸಿ. ಇರುವುದು ನಮಗಲ್ಲ, ಕಲ್ಲಿಗೆ.
ಹದಿಮೂರು ಸಾವಿರ ಅಡಿಯಿಂದ ಮೇಲೆತ್ತಿದ
ಜುರಾಸಿಕ್ ಕಾಲದ ಕರಿ ಜೇಡುಗಲ್ಲು,
ಒನಕೆಯಷ್ಟು ದುಂಡಗೆ, ಮೂರು ಮೂರು ಅಡಿಗೆ ಕೊಯ್ದು
ತಟ್ಟೆಗಳಲ್ಲಿ ಮಲಗಿಸಿದ್ದು.
ನೀರು ತಾಗಬಾರದು, ಉಬ್ಬಿ ಪುಡಿಯಾಗುತ್ತದೆ.
ಒಣ ಬ್ರಷ್ಷು, ಚೂರು ಸ್ಪಿರಿಟ್ಟು, ನಡುಗದ ಕೈ.
ಪದರ ಬಿಡಿಸಿದರೆ ಮೊದಲು ಮೂಗಿಗೆ ಸೀಮೆಎಣ್ಣೆ,
ಆಮೇಲೆ ಕಣ್ಣಿಗೆ ಕಡಲು.

ಗಿಡವೋ, ಪ್ರಾಣಿಯೋ?
ಡಾಕ್ಟರ್ ಮುನೀರಾ ಕೇಳುವುದು ಕಲ್ಲನ್ನು,
ಬಾಯಿ ಹಾಕುವವನು ನಾನು.
ಬತಾಕದಲ್ಲಿ ಹೆರಿಯ ಕಾಂಚನ್, ಸಹಾಯಕ.
ಹತ್ತನೇ ಕ್ಲಾಸು ಫೇಲಾದದ್ದು ಬತಾಕದಲ್ಲಿಲ್ಲ.
ಕೋಡಿ ಕನ್ಯಾನದ ಮರಳಲ್ಲಿ ಹುಟ್ಟಿದವನಿಗೆ
ಚಿಪ್ಪು ಗುರುತಿಸಲು ಪುಸ್ತಕ ಬೇಕೇ?

ಉಗುರಿನಷ್ಟು ತೆಳ್ಳಗೆ, ಒಂದರ ಮೇಲೊಂದು ಸಾವಿರ:
ಬಳಚಿನ ಜಾತಿ, ಎಂದೆ. ಅವಳು ಲ್ಯಾಟಿನ್ ಬರೆದಳು.
ಒರಟು ಅಂಚಿನ ದಪ್ಪ ಚಿಪ್ಪು:
ಕಲ್ವ, ಎಂದೆ. ಮಹಾರ್, ಎಂದಳು,
ಅವಳ ತಾತ ಮುತ್ತಿಗೆ ಮುಳುಗುತ್ತಿದ್ದನಂತೆ,
ಮುತ್ತು ಸಿಕ್ಕಿದ ಕಥೆ ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.
ಬೀಡಿಯಂಥ ಕಲ್ಲು, ತುದಿ ಚೂಪು:
ಬೊಂಡಾಸಿನಂಥದ್ದರ ಒಳಗಿನ ಎಲುಬು.
ಅವಳು ಲೆನ್ಸು ಇಳಿಸಿ ನನ್ನನ್ನೇ ನೋಡಿದಳು.
ಯಾರು ಹೇಳಿಕೊಟ್ಟರು?
ಅಮ್ಮ. ಮೀನು ಕೊಯ್ಯುವಾಗ.

ನಮ್ಮೂರ ಪಕ್ಕದ ಊರಿನ ಹೆಸರೇ ಸಾಲಿಗ್ರಾಮ.
ಅಲ್ಲೊಬ್ಬರ ಮನೆಗೆ ತೆಂಗಿನಕಾಯಿ ಕೀಳಲು ಹೋದಾಗ
ಅಂಗಳದಿಂದ ಕಂಡಿತ್ತು ತಾಮ್ರದ ಸಂಪುಟ,
ಒಳಗಿನ ಕರಿ ಸುರುಳಿ.
ಅಲ್ಲೇ ನಿಲ್ಲು, ನೆರಳು ಬೀಳುತ್ತೆ, ಅಂದಿದ್ದರು.
ಇಲ್ಲಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅದೇ ಸುರುಳಿಯ ಹುಡಿ ಕೆರೆದು,
ಅಂಗೈಯಲ್ಲಿಟ್ಟು, ಗೀರು ಎಣಿಸಿ,
ನಂಬರು ಅಂಟಿಸುತ್ತೇನೆ.
ದಿನಕ್ಕೆ ಆರೇಳು.

ಗಿಡಗಳೇ ಕಷ್ಟ.
ಈ ಕಡಲ ತಳಕ್ಕೆ ಅವು ಬಂದದ್ದೇ ತೇಲಿಕೊಂಡು,
ಯಾವುದೋ ಹೊಳೆಯ ನೆರೆಯಲ್ಲಿ ಹರಿದು, ಕೊಳೆತು.
ಹೋದ ರಂಜಾನಿನಲ್ಲಿ ಒಂದು ಗುರುತು ಸಿಕ್ಕಿತು,
ನಡುವೆ ದಂಟು, ಎರಡೂ ಕಡೆ ಗರಿ.
ಮೀನಿನ ಈಜುರೆಕ್ಕೆ, ಎಂದಳು.
ಈಚಲ ಗರಿಯಂಥದ್ದು, ಎಂದೆ.
ಮೂರು ದಿನ ವಾದ,
ಉಪವಾಸದಲ್ಲಿ ಅವಳು, ಅವಳೆದುರು ಚಹಾ ಕುಡಿಯಲಾರದೆ ನಾನು.
ಕೊನೆಗೆ ಅಪ್ಪಣೆ ಪಡೆದು ಅಂಚಿನಲ್ಲಿ
ಎಳ್ಳಿನಷ್ಟು ಕೆರೆದೆ ಉಗುರಿನಿಂದ.
ಎಲುಬಾದರೆ ಕಂದು, ಬೆಲ್ಲದ ಹೊಳಪು, ಜಗ್ಗುವುದಿಲ್ಲ.
ಎಲೆಯಾದರೆ ಇದ್ದಲು.
ಕಪ್ಪು ಹತ್ತಿತು.
ವಾರವಿಡೀ ಆ ಉಗುರು ಉಜ್ಜಲಿಲ್ಲ ನಾನು.

ಇನ್ನೊಂದಿತ್ತು, ಕಲ್ಲಿನಲ್ಲಿ ಬರೀ ಅಂಕುಡೊಂಕು.
ಹುಳವಲ್ಲ ಹೆರಿಯ, ಹುಳ ಹೋದ ದಾರಿ, ಎಂದಳು.
ದಾರಿಗೊಂದು ಹೆಸರಿದೆಯಂತೆ.
ಹೋದದ್ದು ಯಾರೆಂದು ಗೊತ್ತಿಲ್ಲವಂತೆ.

ಈಗ ಎಲ್ಲರೂ ಬೆರಳೊತ್ತಬೇಕೆಂದು ಆದೇಶ.
ಗಾಜಿನ ಕೆಳಗೆ ಹಸಿರು ಬೆಳಕು.
ತೋರುಬೆರಳು. ಇಲ್ಲ.
ಹೆಬ್ಬೆರಳು, ಒರೆಸಿ ಮತ್ತೊಮ್ಮೆ. ಇಲ್ಲ.
ಹದಿನೆಂಟು ವರ್ಷದ ಸ್ಪಿರಿಟ್ಟು, ಕಲ್ಲುಹುಡಿ
ಗೆರೆಗಳನ್ನೆಲ್ಲ ತಿಂದು ಹೊಳೆಯ ಕಲ್ಲಿನಂತೆ ನುಣ್ಣಗೆ ಮಾಡಿವೆ.
ಕೌಂಟರಿನ ಹುಡುಗ ಒಳ್ಳೆಯವನು,
ನನ್ನ ಕೈ ಹಿಡಿದು, ಓರೆ ಬೆಳಕಿಗೆ ತಿರುಗಿಸಿ,
ಥೇಟ್ ಅವಳ ಹಾಗೆ ಕಣ್ಣು ಕಿರಿದು ಮಾಡಿ ನೋಡಿದ.
ಹಿಂದೆ ಕ್ಯೂ ಕೆಮ್ಮುತ್ತಿತ್ತು.
ಗ್ಲಿಸರಿನ್ ಹಚ್ಚು, ಎಂದ. ಭಾನುವಾರ ಬಾ.

ಶೆಡ್ಡಿಗೆ ಮರಳಿದೆ.
ಕೆಳಗಿನ ಸಾಲಿನಲ್ಲೊಂದು ತಟ್ಟೆಯಿದೆ,
ಏನೆಂದು ಇನ್ನೂ ತಿಳಿಯದವು ಅದರಲ್ಲಿ.
ಹೆಸರಿನ ಜಾಗದಲ್ಲಿ ಮುನೀರಾ ಹಾಕಿದ ಪ್ರಶ್ನೆಚಿಹ್ನೆ,
ಶಾಯಿಯಲ್ಲಲ್ಲ, ಪೆನ್ಸಿಲಿನಲ್ಲಿ.
ಅದನ್ನೆಳೆದುಕೊಂಡು ದೀಪ ಓರೆ ಮಾಡಿದೆ.
ಗ್ಲಿಸರಿನ್ ಕೈಯಲ್ಲಿ ಕಲ್ಲು ಮುಟ್ಟುವಂತಿಲ್ಲ,
ಗ್ಲೌಸು ಹಾಕಿಕೊಂಡು ಕೂತಿದ್ದೇನೆ.
ಭಾನುವಾರಕ್ಕೆ ಇನ್ನೂ ಮೂರು ದಿನ.